ಆಸ್ಟ್ರೇಲಿಯಾದ ಮುಂದೆ ಖಾಲಿ ಚೌಕ

ಎರಡನೆಯ ತುತ್ತಿನಲ್ಲಿ ನೆರಿಡಾ ಪಾಸ್ಕೋಗೆ ನಿಂಬೆ ಸಿಪ್ಪೆ ಸಿಕ್ಕಿತು.

ಅವಳು ಅಗಿಯುವುದನ್ನು ನಿಲ್ಲಿಸಿದಳು. ಮೊದಲು ಬೆಣ್ಣೆ, ಅದರ ಬೆನ್ನಿಗೇ ಕರ್ರಿ ಮಸಾಲೆಯ ಖಾರ, ಮೆತ್ತಗೆ ಬೆಂದ ಸ್ಕ್ಯಾಲಪ್ ಚಿಪ್ಪುಮೀನು. ಆಮೇಲೆ, ನುಂಗುವ ಹೊತ್ತಿಗೆ, ಸಣ್ಣಗೆ ತುರಿದ ನಿಂಬೆ ಸಿಪ್ಪೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಆಸ್ಟ್ರೇಲಿಯಾದ ಹೋಬಾರ್ಟ್ ದಕ್ಕೆಯ ಸುತ್ತಮುತ್ತ, ಹಿಟ್ಟಿನ ಬಟ್ಟಲಲ್ಲಿ ಸ್ಕ್ಯಾಲಪ್ ತುಂಬಿ ಬೇಯಿಸಿದ ಪೈ ಮಾರುವವರಿಗೆ ಬರವಿಲ್ಲ. ಮೂರು ದಿನಗಳಿಂದ ನೆರಿಡಾ ಒಬ್ಬೊಬ್ಬರ ಪೈಯನ್ನೂ ತಿಂದು, ಚೀಟಿಯಲ್ಲಿ ಅವರ ಹೆಸರಿಗೆ ಗೀಟು ಎಳೆಯುತ್ತ ಬಂದಿದ್ದಳು. ವಿಮಾ ಕಂಪನಿಯ ತನಿಖೆ ಕೆಲಸ ಬಿಟ್ಟು, ಐವತ್ತರ ಮೇಲೆ ಸ್ವಂತ ಪತ್ತೇದಾರಿಕೆ ಶುರು ಮಾಡಿದ ಅವಳಿಗೆ ಇಷ್ಟು ರುಚಿಯಾದ ಕೇಸು ಈವರೆಗೆ ಬಂದಿರಲಿಲ್ಲ. ಬೆಲ್ಟು ಆಗಲೇ ಒಂದು ತೂತು ಮುಂದಕ್ಕೆ ಹೋಗಿತ್ತು. ಇದು ಹನ್ನೊಂದನೆಯ ಪೈ.

ಜೇಬಿನಿಂದ ಮಡಿಸಿದ ಕಾಗದ ತೆಗೆದು ಮತ್ತೊಮ್ಮೆ ಓದಿದಳು. ಫಿನ್‌ಲೆಂಡಿನ ಒಬ್ಬ ಶಾಲಾ ಮೇಷ್ಟ್ರು ಕಳಿಸಿದ್ದು. 'ಕೊನೆಯ ದೋಣಿ ಐದಕ್ಕೆ' ಎಂಬ ಹಳೆಯ ಕಂಪ್ಯೂಟರ್ ಆಟದಲ್ಲಿ ದೋಣಿಯ ಅಡುಗೆಯವನು ಆಡುವ ಮಾತು ಅದರಲ್ಲಿತ್ತು. ೧೯೯೮ರ ಮೂಲ ಆಟದಲ್ಲಿ ಅವನು "ಪೈ ಬೇಕಾ?" ಎಂದಷ್ಟೇ ಕೇಳುತ್ತಿದ್ದ. ನಾಲ್ಕು ವರ್ಷದ ಹಿಂದೆ ಆಟವನ್ನು ರಿಪೇರಿ ಮಾಡಿದ ಯಾರೋ ಅವನ ಬಾಯಿಗೆ ಇನ್ನೊಂದಿಷ್ಟು ಮಾತು ತುರುಕಿದ್ದರು.

'ಮೊದಲು ಬೆಣ್ಣೆ, ಆಮೇಲೆ ಕರ್ರಿ ಮಸಾಲೆ, ಮುಚ್ಚಳ ಮುಚ್ಚೋ ಮುಂಚೆ ಒಂದು ಚಿಟಿಕೆ ನಿಂಬೆ ಸಿಪ್ಪೆ. ನಮ್ಮಮ್ಮನಾಣೆಗೂ ಈ ಊರಲ್ಲಿ ಬೇರೆ ಯಾರೂ ಹಾಕಲ್ಲ.'

ಹನ್ನೊಂದು ವರ್ಷಗಳಲ್ಲಿ ಮೂವತ್ತು ಸಲ ಆ ಆಟವನ್ನು ರಿಪೇರಿ ಮಾಡಿ, ಬಿಡಿಗಾಸೂ ಕೇಳದೆ ಅಭಿಮಾನಿಗಳಿಗೆ ಹಂಚಿದ ಆ ಪುಣ್ಯಾತ್ಮ 'ಏಳನೇ ಪ್ರಯಾಣಿಕ' ಎಂದು ಸಹಿ ಹಾಕುತ್ತಿದ್ದ. ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಈಗ ನೆರಿಡಾಗೆ ಗೊತ್ತಾಗುವುದರಲ್ಲಿತ್ತು.

ಪೈ ಗಾಡಿಯ ಕಿಟಕಿಯೊಳಗೆ ನಿಂತವನಿಗೆ ಎದೆಯವರೆಗೆ ಬೆಳ್ಳನೆಯ ಗಡ್ಡ. ಸಾಲಿನಲ್ಲಿ ನಿಂತವರೆಲ್ಲ ಅವನನ್ನು ಗಡ್ಡಣ್ಣ ಎಂದೇ ಕರೆಯುತ್ತಿದ್ದರು. ನೆರಿಡಾ ಕೈಚೀಲದಿಂದ ಒಂದು ಫೋಟೋ ತೆಗೆದು ಅಂಗೈಯಲ್ಲಿ ಮರೆಮಾಡಿ ಹಿಡಿದಳು. ಮೀನಿನಂಗಡಿಯ ಮಹಡಿಯ ಮೇಲೆ, ಆ ಆಟ ಕಟ್ಟಿದ ಮೂವರು ನಗುತ್ತ ನಿಂತ ಫೋಟೋ. ನಡುವಿನವನಿಗೆ ಗುಂಗುರು ಕೂದಲು, ನುಣ್ಣಗೆ ಬೋಳಿಸಿದ ಗಲ್ಲ. ಗಡ್ಡ ಬೆಳೆಯುತ್ತದೆ, ಕೂದಲು ಉದುರುತ್ತದೆ, ಕಿವಿ ಮಾತ್ರ ಸುಳ್ಳು ಹೇಳುವುದಿಲ್ಲ ಎಂಬುದು ವಿಮಾ ಕಂಪನಿಯಲ್ಲಿ ಅವಳು ಕಲಿತ ಮೊದಲ ಪಾಠ. ಫೋಟೋದವನ ಎಡಗಿವಿಯ ಮೇಲಂಚು ನಾಯಿಮರಿಯ ಕಿವಿಯಂತೆ ಮಡಚಿಕೊಂಡಿತ್ತು.

ಗಡ್ಡಣ್ಣನದೂ ಹಾಗೇ.

"ಗೋರ್ಡನ್ ಟ್ರಾಂಟರ್," ಎಂದಳು ನೆರಿಡಾ, ಮೆಲ್ಲಗೆ.

ಅವನ ಕೈಯ ಚಿಮಟ ಗಾಳಿಯಲ್ಲೇ ನಿಂತಿತು. "ಯಾರು?"

"ನೀವು."

"ಮುಂದಿನವರು ಬನ್ನಿ," ಎಂದ ಅವನು, ಅವಳ ತಲೆಯ ಮೇಲಿಂದ ನೋಡುತ್ತ.

"ಮುಂದಿನವರು ಕಾಯ್ತಾರೆ ಬಿಡಿ. ನಾನು ನೆರಿಡಾ ಪಾಸ್ಕೋ. ಪತ್ತೇದಾರಿಕೆ ಮಾಡ್ತೀನಿ. ವೆರಿಟಿ ಓಕ್‌ಫರ್ಡ್ ನನಗೆ ಒಂದು ಕೆಲಸ ಒಪ್ಪಿಸಿದಾರೆ."

ವೆರಿಟಿ ಹೆಸರು ಕೇಳಿದ್ದೇ ಆ ದೊಡ್ಡ ಆಳು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

ವೆರಿಟಿ ಕೇಳಿದ್ದ ಪ್ರಶ್ನೆ ಸರಳವಾಗಿತ್ತು. ಅವಳು ಬಿಡಿಸಿದ ಚಿತ್ರಗಳು, ಗೋರ್ಡನ್ ಬರೆದ ಪ್ರೋಗ್ರಾಮು, ಬ್ರಾಮ್ ವಾಂಡರ್‌ಸ್ಲೂಟ್ ಕಟ್ಟಿದ ಸಂಗೀತ, ಈ ಮೂರೂ ಸೇರಿ ಹೋಬಾರ್ಟಿನಲ್ಲಿ ಹುಟ್ಟಿದ ಆಟ ಅದು. ಬ್ಲೂಶೆಲ್ಫ್ ಎಂಬ ಅಂತರ್ಜಾಲದ ಅಂಗಡಿ ಈಗ ಅದನ್ನು ಜಗತ್ತಿಗೆಲ್ಲ ಮಾರುತ್ತದೆ, ಆಸ್ಟ್ರೇಲಿಯಾ ಒಂದನ್ನು ಬಿಟ್ಟು. ಇಲ್ಲಿ ತೆರೆದರೆ 'ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಎಂಬ ಒಂದೇ ಸಾಲು. ಕಾರಣ ಯಾರು?

ಆಟದಲ್ಲಿ ಗಸಗಸೆ ಹೂವಿನ ಅಮಲಿನ ಕಷಾಯ ಕುಡಿಯುವ ಪ್ರಸಂಗ ಒಂದಿದೆ, ಅದಕ್ಕೇ ಸಿನಿಮಾ, ಆಟಗಳನ್ನು ಪರೀಕ್ಷಿಸುವ ಸರ್ಕಾರದ ವರ್ಗೀಕರಣ ಮಂಡಳಿ ತಡೆದಿದೆ ಎಂದು ವೆರಿಟಿ ಇಷ್ಟು ವರ್ಷ ಹಲ್ಲು ಕಡಿದದ್ದೆಲ್ಲ ವ್ಯರ್ಥವಾಗಿತ್ತು. ಮಂಡಳಿಯ ಮುಂದೆ ಆಟ ಹೋಗಿಯೇ ಇರಲಿಲ್ಲ ಎಂದು ಹೋದ ವಾರ ತಿಳಿದಿತ್ತು.

"ಬ್ಲೂಶೆಲ್ಫ್‌ನವರು ನನಗೆ ಉತ್ತರ ಬರೆದರು," ಎಂದಳು ನೆರಿಡಾ. "ಯಾವ ದೇಶದಲ್ಲಿ ಮಾರಬೇಕು ಅಂತ ಅವರು ತೀರ್ಮಾನ ಮಾಡಲ್ವಂತೆ. ಆಟದ ಖಾತೆ ಯಾರ ಕೈಲಿದೆಯೋ ಅವರ ಮುಂದೆ ದೇಶಗಳ ಪಟ್ಟಿ ಬರುತ್ತಂತೆ. ಒಂದೊಂದು ದೇಶದ ಮುಂದೂ ಒಂದು ಚೌಕ. ಹನ್ನೊಂದು ವರ್ಷದ ಹಿಂದೆ ಯಾರೋ ಆಸ್ಟ್ರೇಲಿಯಾದ ಚೌಕ ಒಂದನ್ನ ಖಾಲಿ ಬಿಟ್ಟಿದಾರೆ. ಆಟದ ಹಕ್ಕು ಇರೋದು ಮೂವರಿಗೇ."

"ಹಂಗಾದ್ರೆ ಆ ಮೂವರನ್ನ ಹೋಗಿ ಕೇಳಿ."

"ಕೇಳ್ತಾ ಇದೀನಲ್ಲ."

ಸಾಲಿನಲ್ಲಿ ಎರಡನೆಯವನಾಗಿ ನಿಂತಿದ್ದ, ದೋಣಿಗೆ ಬಣ್ಣ ಬಳಿಯುವ ಕೆಲಸದವನೊಬ್ಬ ಕತ್ತು ಚಾಚಿದ. "ಏನ್ ಗಡ್ಡಣ್ಣ, ಪೊಲೀಸಾ?"

"ಪೈಗೆ ಬಂದವನು ಪೈ ನೋಡ್ಕೊ."

"ಪೈ ಕೊಟ್ರೆ ತಾನೆ ನೋಡ್ಕೊಳ್ಳೋದು ಗುರೂ."

ನೆರಿಡಾ ಕಾಗದವನ್ನು ಬಿಡಿಸಿ ಕಿಟಕಿಯ ಹಲಗೆಯ ಮೇಲಿಟ್ಟು, ಅಡುಗೆಯವನ ಮಾತಿನ ಮೇಲೆ ಬೆರಳಿಟ್ಟಳು. ಆಮೇಲೆ ಕಚ್ಚಿದ ಪೈಯನ್ನು ಅದರ ಪಕ್ಕದಲ್ಲಿಟ್ಟಳು. ಗೋರ್ಡನ್ ಕಾಗದ ನೋಡಿದ, ಪೈ ನೋಡಿದ.

"ಇಡೀ ಜಗತ್ತಲ್ಲಿ ಇನ್ಯಾರೂ ನಿಂಬೆ ಸಿಪ್ಪೆ ಹಾಕಲ್ವಾ?"

"ಹತ್ತು ಜನರ ಪೈ ತಿಂದು ಬಂದಿದೀನಿ. ಹಾಕಲ್ಲ. ಅಲ್ಲದೆ ಈಚಿನ ನಾಲ್ಕು ವರ್ಷದ ರಿಪೇರಿಗಳೆಲ್ಲ ಬಂದಿರೋದು ಸೋಮವಾರ. ನಿಮ್ಮ ಗಾಡಿಗೆ ರಜೆ ಯಾವತ್ತು?"

ಬಣ್ಣದವನು ಉತ್ತರಿಸಿದ. "ಸೋಮವಾರ."

"ನಿನ್ನ ಕೇಳಿದ್ರಾ?" ಎಂದು ಗೋರ್ಡನ್ ಅವನ ಮೇಲೆ ಹರಿಹಾಯ್ದ. ಆದರೆ ಗಡ್ಡದೊಳಗೆ ಬಾಯಿಯ ಅಂಚು ನಗುವಿಗೆ ತಿರುಗಿತ್ತು. ಬಹಳ ಕಾಲ ಬಚ್ಚಿಟ್ಟ ಒಳ್ಳೆಯ ಕೆಲಸ ಸಿಕ್ಕಿಬಿದ್ದಾಗ ಮನುಷ್ಯ ಪೂರ್ತಿ ಬೇಸರಪಡಲಾರ.

"ಸರಿ. ರಿಪೇರಿ ಮಾಡಿದ್ದು ನಾನೇ. ಅದೇನು ಅಪರಾಧವಾ?"

"ಅಲ್ಲ. ನನ್ನ ಪ್ರಶ್ನೆ ಚೌಕದ್ದು."

"ಅದನ್ನ ನಾನು ಹೇಳಲ್ಲ."

"ಅವರಿಗೆ ಹೇಳಬೇಡ ಬಿಡು. ನನಗಾದ್ರೂ ಹೇಳ್ತೀಯಾ ಗೋರ್ಡಿ?"

ಧ್ವನಿ ಬಂದದ್ದು ಸಾಲಿನ ನಡುವಿನಿಂದ. ನೆರಿಡಾ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟಳು. ನಾನು ಕೈ ಬೀಸುವವರೆಗೆ ಬೆಂಚಿನ ಮೇಲೆ ಕೂತಿರಿ ಎಂದು ಅವಳು ನೂರು ಸಲ ಹೇಳಿದ್ದಳು. ಬೆಳಗಿನ ದೋಣಿಯಲ್ಲಿ ಬ್ರೂನಿ ದ್ವೀಪದಿಂದ ಬಂದಿಳಿದ ವೆರಿಟಿ ಓಕ್‌ಫರ್ಡ್ ಅರವತ್ತೆಂಟು ವರ್ಷಗಳಲ್ಲಿ ಯಾರ ಮಾತನ್ನೂ ಕೇಳಿದವಳಲ್ಲ. ಪುಟ್ಟ ಆಳು, ಉಗುರಿನ ಸಂದಿಯಲ್ಲಿ ಬಣ್ಣ, ಕಂಕುಳಲ್ಲಿ ಕೊಡೆ. ತನ್ನ ಸರದಿಗಾಗಿ ಶಿಸ್ತಾಗಿ ಸಾಲಿನಲ್ಲಿ ನಿಂತಿದ್ದಳು.

ಗೋರ್ಡನ್ ಕೈಯಿಂದ ಚಿಮಟ ಜಾರಿ ನೆಲಕ್ಕೆ ಬಿತ್ತು.

"ನೀನು," ಎಂದ. ಬಗ್ಗಿ ಚಿಮಟ ಎತ್ತಿಕೊಂಡ. "ನೀನು ಹಲ್ಲಿನ ಡಾಕ್ಟರ್ ಹತ್ರ ಬರೋದು ಬಿಟ್ರೆ ಊರ ಕಡೆ ತಲೆ ಹಾಕಲ್ಲ ಅಂತ ಕೇಳಿದ್ದೆ."

"ಹಲ್ಲು ಗಟ್ಟಿಯಾಗಿದೆ. ಕಚ್ಚೋಕೇ ಬಂದಿದೀನಿ."

ಸಾಲು ಎರಡು ಭಾಗವಾಗಿ ಅವಳಿಗೆ ದಾರಿ ಬಿಟ್ಟಿತು. ಯಾರೂ ಹೊರಟುಹೋಗಲಿಲ್ಲ. ಹಸಿವು ಎಲ್ಲರಿಗೂ ಮರೆತುಹೋಗಿತ್ತು.

"ನೀನು ಬ್ರಿಸ್ಬೇನಲ್ಲಿ ಇದೀಯ ಅಂದ್ಕೊಂಡಿದ್ದೆ ಕಣೋ," ಎಂದಳು ವೆರಿಟಿ.

"ಇದ್ದೆ. ಬಂದು ಐದು ವರ್ಷ ಆಯ್ತು. ಅಲ್ಲಿ ಸೆಕೆ."

"ಐದು ವರ್ಷ. ಒಂದು ದೋಣಿ ಹತ್ತಿದ್ರೆ ನಮ್ಮನೆ."

"ದೋಣಿ ಹತ್ತಿ ಬಂದು ಏನಂತ ಹೇಳ್ಲಿ?"

"ಚೌಕದ ವಿಷಯ ಹೇಳಬಹುದಿತ್ತು. ಫಿನ್‌ಲೆಂಡಿನ ಮೇಷ್ಟ್ರು ತನ್ನ ದೋಣಿಗೆ ನಮ್ಮ ದೋಣಿಯ ಹೆಸರಿಟ್ಟಿದಾನೆ. ಚಿಲಿ ದೇಶದ ಹುಡುಗಿ ನಾನು ಬಿಡಿಸಿದ ನಾವಿಕನ್ನ ತೋಳಿನ ಮೇಲೆ ಹಚ್ಚೆ ಹಾಕಿಸ್ಕೊಂಡಿದಾಳೆ. ಎಲ್ಲರೂ ನನಗೆ ಕಾಗದ ಬರೀತಾರೆ. ನನ್ನ ಹತ್ರ ಇದ್ದ ಒಂದೇ ಒಂದು ಸಿಡಿ ಗೀರು ಬಿದ್ದು ಇಪ್ಪತ್ತು ವರ್ಷ ಆಯ್ತು. ಈ ನದಿ ದಡದಲ್ಲಿ ಹುಟ್ಟಿದ ಆಟ, ಈ ನದಿ ದಡದಲ್ಲಿ ಕೂತ ನನಗೊಬ್ಬಳಿಗೆ ಇಲ್ಲ. ಯಾಕೋ?"

ಗೋರ್ಡನ್ ಏಪ್ರನ್ನಿನಲ್ಲಿ ಕೈ ಒರೆಸಿದ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ನಿನಗೆ ಕಾಣಬಾರದು ಅಂತಲೇ."

ಒಂದು ಕಡಲಕಾಗೆ ಸಮಯ ನೋಡಿ ನೆರಿಡಾಳ ಅರ್ಧ ಪೈಯನ್ನು ಎತ್ತಿಕೊಂಡು ಹಾರಿತು.

"ಅವತ್ತು ಏನಂದಿದ್ದೆ ನೆನಪಿದೆಯಾ ನಿನಗೆ?" ಗೋರ್ಡನ್ ತಲೆ ಎತ್ತಲಿಲ್ಲ. "ಸಿಡೀಲಿ ಜಾಗ ಸಾಲದು ಅಂತ ನಿನ್ನ ಕೊನೆ ಚಿತ್ರನ ಚಿಕ್ಕದು ಮಾಡಿದ್ದೆ. ಟಿಂಡರ್‌ಬಾಕ್ಸ್ ಬಂಡೆ ಮೇಲೆ ನಲವತ್ತು ದಿನ ಕೂತು ಬಿಡಿಸಿದ ಸಮುದ್ರ. 'ನನ್ನ ಸಮುದ್ರನ ಕೊಂದೆ' ಅಂತ ಹೇಳಿ ಮೆಟ್ಟಿಲು ಇಳಿದು ಹೋದೆ. ಅದೇ ಕೊನೆ."

"ನೆನಪಿದೆ."

"ಬ್ಲೂಶೆಲ್ಫ್‌ನವರು ಆಟ ಕೇಳಿದಾಗ ಖುಷಿಯಾಗಿ ಕೊಟ್ಟೆ. ಆಮೇಲೆ ಹೊಸ ಕಂಪ್ಯೂಟರಲ್ಲಿ ಹಾಕಿ ನೋಡ್ತೀನಿ, ಸಮುದ್ರ ನೇರಳೆ ಬಣ್ಣ. ನಾವಿಕನ ಮುಖ ಪಾಚಿ ಹಸಿರು. ದೋಣಿ ಗಂಟೆ ಹೊಡೆದ ತಕ್ಷಣ ಆಟ ನಿಂತೇ ಹೋಗ್ತಿತ್ತು. ಅಂಗಡಿಯವರಿಗೆ ಬರೆದೆ. ಹಳೇ ಆಟ, ಹಂಗೇ ಇರತ್ತೆ ಅಂದ್ರು. ಆ ಪಟ್ಟಿ ಮುಂದೆ ಕೂತಾಗ ಒಂದೇ ಯೋಚನೆ. ಬೇರೆಯವರು ನೋಡಿ ನಗಲಿ. ವೆರಿಟಿ ತನ್ನ ಸಮುದ್ರ ಎರಡನೇ ಸಲ ಸತ್ತಿದ್ದು ನೋಡಬಾರದು. ನೀನಿರೋ ದೇಶದ ಚೌಕ ಖಾಲಿ ಬಿಟ್ಟೆ. ಸರಿ ಮಾಡಿ ಆಮೇಲೆ ತೆರೆಯೋಣ ಅಂತ. ಸರಿ ಮಾಡ್ತಾ ಮಾಡ್ತಾ ಹನ್ನೊಂದು ವರ್ಷ ಹೋಯ್ತು."

ವೆರಿಟಿ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನನ್ನೇ ನೋಡಿದಳು.

"ನಾನೊಬ್ಬಳು ನೋಡಬಾರದು ಅಂತ ಇಡೀ ಖಂಡಕ್ಕೆ ಬಾಗಿಲು ಹಾಕಿದೆಯಾ?"

"ದೇಶ ಬಿಟ್ಟು ಊರು, ಕೇರಿ ಅಂತ ಚೌಕ ಇರಲಿಲ್ಲ ಕಣೇ. ಇದ್ದಿದ್ರೆ ಬ್ರೂನಿ ದ್ವೀಪ ಒಂದನ್ನೇ ಮುಚ್ತಿದ್ದೆ."

ವೆರಿಟಿಗೆ ನಗು ಬಂತು. ಮೊದಲು ಭುಜ ಅಲುಗಿತು, ಆಮೇಲೆ ಕೊಡೆ, ಆಮೇಲೆ ಇಡೀ ಮೈ. ಅವಳ ನಗು ಬಣ್ಣದವನಿಗೆ ಹತ್ತಿತು, ಅವನಿಂದ ಸಾಲಿಗೆ. ಇಷ್ಟು ವರ್ಷ ಯಾವ ಖಳನನ್ನು ಹಿಡಿಯಲು ಅವಳು ಸಿದ್ಧವಾಗಿದ್ದಳೋ ಅವನು ಹಿಟ್ಟು ಮೆತ್ತಿದ ಗಡ್ಡ ಇಟ್ಟುಕೊಂಡು, ತಪ್ಪು ಮಾಡಿದ ಮಗುವಿನಂತೆ ಎದುರು ನಿಂತಿದ್ದ. ನೆರಿಡಾ ಪಕ್ಕಕ್ಕೆ ತಿರುಗಿ ಮೂಗು ಒರೆಸಿಕೊಂಡಳು. ಅದಕ್ಕೆ ದಕ್ಕೆಯ ಗಾಳಿಯೇ ಕಾರಣ ಎಂದು ತನಗೆ ತಾನೇ ಹೇಳಿಕೊಂಡಳು.

"ಬಾಗಿಲು ತೆಗಿ," ಎಂದಳು ವೆರಿಟಿ. "ಒಳಗೆ ಬರ್ತೀನಿ. ಸಮುದ್ರ ತೋರಿಸು."

ವೆರಿಟಿಯ ಹಿಂದೆಯೇ ನೆರಿಡಾಳೂ ಗಾಡಿ ಹತ್ತಿದಳು. ಒಳಗೆ, ಹಿಟ್ಟಿನ ಚೀಲಗಳ ಹಿಂದೆ, ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಕೀಲಿಗಳ ನಡುವೆ ಹಿಟ್ಟು ತುಂಬಿತ್ತು. ಗೋರ್ಡನ್ ಆಟ ಹಚ್ಚಿ ನೇರವಾಗಿ ಕೊನೆಯ ಪ್ರಸಂಗಕ್ಕೆ ಹೋದ. ಸಂಜೆ ಐದರ ದೋಣಿ ದಕ್ಕೆ ಬಿಡುತ್ತಿತ್ತು. ಗಂಟೆ ಹೊಡೆಯಿತು. ಆಟ ನಿಲ್ಲಲಿಲ್ಲ.

ಪರದೆಯ ತುಂಬ ಸಮುದ್ರ ಹರಡಿಕೊಂಡಿತು. ಬೂದು ಬೆರೆತ ನೀಲಿ, ದೂರದಲ್ಲಿ ಬೆಳ್ಳಿಗೆರೆ, ಬಂಡೆಯ ಬುಡದಲ್ಲಿ ಕಡಲಪಾಚಿಯ ಕಂದು. ಬ್ರಾಮ್‌ನ ಅಕಾರ್ಡಿಯನ್ ಸಣ್ಣಗೆ ಶುರುವಾಯಿತು. ನೆರಿಡಾ ಎಂಟು ವಾರಗಳಿಂದ ಈ ಆಟದ ಬಗ್ಗೆ ಓದುತ್ತಿದ್ದಳು. ನೋಡಿದ್ದು ಇದೇ ಮೊದಲು. ಒಬ್ಬ ಮೇಷ್ಟ್ರು ತನ್ನ ದೋಣಿಗೆ ಇದರ ಹೆಸರನ್ನೇ ಏಕೆ ಇಟ್ಟ ಎಂಬುದು ಅವಳಿಗೆ ಅರ್ಥವಾಯಿತು.

ವೆರಿಟಿ ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದಳು.

"ಚಿಕ್ಕದಾಗಿಲ್ಲ," ಎಂದಳು.

"ನಿನ್ನ ಮೂಲ ಚಿತ್ರ ಇಟ್ಕೊಂಡಿದ್ದೆ. ಪೂರ್ತಿ ಅಳತೇಲಿ ಮತ್ತೆ ಕೂಡಿಸಿದೆ."

"ಮೋಡ ಒಂಚೂರು ಹಸಿರಾಯ್ತು."

"ನೀನು ಬಿಡಿಸಿದ್ದೇ ಹಸಿರು."

"ನಾನ್ಯಾಕೆ ಹಸಿರು ಮೋಡ ಬಿಡಿಸ್ಲಿ? ನಿನಗೆ ಆಗಲೂ ಬಣ್ಣ ತಿಳೀತಿರಲಿಲ್ಲ, ಈಗಲೂ ತಿಳಿಯಲ್ಲ." ಹಾಗೆ ಹೇಳುತ್ತಲೇ ಅವಳು ಅವನ ಹಿಟ್ಟಿನ ಕೈಯನ್ನು ಹಿಡಿದುಕೊಂಡಳು, ಬಿಡಲಿಲ್ಲ. "ಚೆನ್ನಾಗಿದೆ ಕಣೋ ಗೋರ್ಡಿ. ಸಮುದ್ರ ಬದುಕಿದೆ."

ಹೊರಗಿನಿಂದ ಬಣ್ಣದವನು ಕೂಗಿದ. "ಅಲ್ಲ, ನಮ್ಮ ಪೈ ಬದುಕಿದೆಯಾ?"

ನೆರಿಡಾ ಕೆಲಸದ ಮಾತಿಗೆ ಬಂದಳು. "ನಾಡಿದ್ದು ಶುಕ್ರವಾರ ಐದು ಗಂಟೆಗೆ ಬ್ಲೂಶೆಲ್ಫ್‌ನವರು ವಾರಸುದಾರರಿಲ್ಲದ ಹಳೇ ಆಟಗಳನ್ನೆಲ್ಲ ಅಂಗಡಿಯಿಂದ ತೆಗೀತಾರೆ. ಇಡೀ ಜಗತ್ತಲ್ಲೇ ಇರಲ್ಲ. ಮೂವರೂ ಸಹಿ ಹಾಕಿದ್ರೆ ಮಾತ್ರ ಉಳಿಯುತ್ತೆ. ನೀವಿಬ್ರೂ ಸಿಕ್ಕಿದ್ರಿ. ಬ್ರಾಮ್ ಎಲ್ಲಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಹಾಯಿದೋಣಿ ಹತ್ತಿ ಫಿಜಿಗೆ ಹೋದ," ಎಂದ ಗೋರ್ಡನ್.

"ನ್ಯೂಜಿಲೆಂಡಿಗೆ," ಎಂದಳು ವೆರಿಟಿ.

"ಯಾವಾಗ?"

"ನಾವು ಜಗಳ ಆಡಿದ ವರ್ಷ," ಎಂದರು ಇಬ್ಬರೂ ಒಟ್ಟಿಗೆ.

"ಸರಿ. ಅವರನ್ನ ಹುಡುಕೋ ಕೆಲಸ ನಾಳೆಗಿರಲಿ. ಚೌಕ ಈಗಲೇ ತುಂಬಿ."

ಗೋರ್ಡನ್ ಬ್ಲೂಶೆಲ್ಫ್‌ನ ಖಾತೆ ತೆರೆದ. ದೇಶಗಳ ಉದ್ದನೆಯ ಪಟ್ಟಿ ಬಂತು. ಎಲ್ಲದರ ಮುಂದೂ ಗುರುತು, ಒಂದರ ಮುಂದೆ ಮಾತ್ರ ಖಾಲಿ. ಅವನು ವೆರಿಟಿಯ ಬೆರಳನ್ನು ತಾನೇ ತಂದು ಗುಂಡಿಯ ಮೇಲಿಟ್ಟ. ಅವಳು ಒತ್ತಿದಳು. ಚೌಕದಲ್ಲಿ ಗುರುತು ಮೂಡಿತು.

ನೆರಿಡಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಣ್ಣದವನಿಗೆ ಹೇಳಿದಳು. "ನಿಮ್ಮ ಫೋನಲ್ಲಿ ಬ್ಲೂಶೆಲ್ಫ್ ತೆಗೀರಿ. 'ಕೊನೆಯ ದೋಣಿ ಐದಕ್ಕೆ' ಅಂತ ಹುಡುಕಿ."

ಅವನು ಹುಡುಕಿದ. ಅವನ ಹಿಂದಿನ ನಾಲ್ಕು ಜನ ಭುಜದ ಮೇಲಿಂದ ಇಣುಕಿದರು.

"ಬಂತು," ಎಂದ ಅವನು. "ಸಿಗುತ್ತೆ ಅಂತ ಬರೆದಿದೆ. ಚಿತ್ರ ಚೆನ್ನಾಗಿದೆ. ಇದನ್ನ ನಮ್ಮ ಗಡ್ಡಣ್ಣ ಮಾಡಿದ್ದಾ?"

"ಚಿತ್ರ ನಂದು," ಎಂದಳು ವೆರಿಟಿ ಒಳಗಿನಿಂದ.

ಸಾಲು ಚಪ್ಪಾಳೆ ತಟ್ಟಿತು. ಯಾಕೆಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಆದರೂ ತಟ್ಟಿದರು. ಗೋರ್ಡನ್ ಇವತ್ತಿನ ಪೈ ಎಲ್ಲರಿಗೂ ಪುಕ್ಕಟೆ ಎಂದು ಸಾರಿದಾಗ ಕಾರಣ ಗೊತ್ತಿಲ್ಲದವರು ಇನ್ನೂ ಜೋರಾಗಿ ತಟ್ಟಿದರು. ವೆರಿಟಿ ಕೊಡೆ ಮೂಲೆಗಿಟ್ಟು, ತೋಳು ಮಡಚಿ, ಪೈ ಹಂಚಲು ನಿಂತಳು.

"ಅರೆ," ಎಂದ ಬಣ್ಣದವನು. "ಹೋಯ್ತಲ್ಲ."

"ಏನು ಹೋಯ್ತು?"

"ಕೊಳ್ಳೋಣ ಅಂತ ಒತ್ತಿದೆ. ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಅಂತಿದೆ."

ನೆರಿಡಾ ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಆಸ್ಟ್ರೇಲಿಯಾದ ಮುಂದಿನ ಚೌಕ ಖಾಲಿಯಾಗಿತ್ತು.

"ಉಳಿಸಿರಲಿಲ್ಲವೇನೋ," ಎಂದು ಗೋರ್ಡನ್ ಮತ್ತೆ ಒತ್ತಿದ. ಗುರುತು ಬಂತು. ಮೂವರೂ ರೆಪ್ಪೆ ಮಿಟುಕಿಸದೆ ನೋಡಿದರು. ಹತ್ತು ಎಣಿಸುವಷ್ಟರಲ್ಲಿ ಗುರುತು ತಾನಾಗಿಯೇ ಅಳಿಸಿಹೋಯಿತು.

"ಯಾರೋ ತೆಗೀತಿದಾರೆ," ಎಂದಳು ನೆರಿಡಾ. "ಈ ಗಳಿಗೇಲೇ. ಖಾತೆ ಒಳಗೆ ನಮ್ಮ ಜೊತೆ ಇನ್ನೊಬ್ಬರಿದಾರೆ."

"ಬ್ರಾಮ್," ಎಂದ ಗೋರ್ಡನ್. ಅವನ ಮುಖ ಅರಳಿತು. "ನಾವು ಮೂವರು ಆಗ ಬಳಸ್ತಿದ್ದ ಗುಟ್ಟಿನ ಪದವನ್ನೇ ಖಾತೆಗೂ ಇಟ್ಟಿದ್ದೆ, ಇನ್ಯಾರಿಗೂ ಅದು ಗೊತ್ತಿಲ್ಲ. ಬ್ರಾಮ್ ಬದುಕಿದಾನೆ."

ಪಟ್ಟಿಯ ಕೆಳಗೆ, ಒಂದೇ ಖಾತೆಯವರು ಪರಸ್ಪರ ಟಿಪ್ಪಣಿ ಬರೆದುಕೊಳ್ಳಲು ಒಂದು ಚಿಕ್ಕ ಜಾಗವಿತ್ತು. ಅಲ್ಲಿ ಅಕ್ಷರಗಳು ಮೂಡತೊಡಗಿದವು.

'ಇನ್ನೂ ಬೇಡ ಗೋರ್ಡಿ.'

ವೆರಿಟಿ ಕೈಯಲ್ಲಿದ್ದ ಪೈಯನ್ನು ಮೆಲ್ಲಗೆ ಕೆಳಗಿಟ್ಟಳು. "ಇದು ಬ್ರಾಮ್ ಅಲ್ಲ."

"ಯಾಕೆ?"

"ಬ್ರಾಮ್ ಇವನನ್ನ ಟ್ರಾಂಟರ್ ಅಂತಲೇ ಕರೀತಿದ್ದ. ಸಾಯೋವರೆಗೂ ಹಂಗೇ ಕರೀತೀನಿ ಅಂತಿದ್ದ. ಗೋರ್ಡಿ ಅನ್ನೋದು ನಾನೊಬ್ಬಳೇ. ಇಪ್ಪತ್ತೈದು ವರ್ಷ ಆದ್ಮೇಲೆ ಇವತ್ತೇ ಅಂದಿದ್ದು, ಅದೂ ಈ ಕಿಟಕಿ ಮುಂದೆ."

ಗೋರ್ಡನ್ 'ಯಾರು ನೀವು?' ಎಂದು ಬರೆದ.

ಉತ್ತರ ತಡವಾಗಲಿಲ್ಲ.

'ಅದು ಆಮೇಲೆ. ನಿಮ್ಮಿಬ್ಬರ ನಡುವೆ ನೀಲಿ ಕೋಟು ಹಾಕ್ಕೊಂಡು ನಿಂತಿದಾರಲ್ಲ, ಅವರನ್ನ ಮೊದಲು ಗಾಡಿಯಿಂದ ಕೆಳಗಿಳಿಸಿ.'

ನೆರಿಡಾ ತಲೆ ಬಗ್ಗಿಸಿ ತನ್ನ ನೀಲಿ ಕೋಟನ್ನು ನೋಡಿಕೊಂಡಳು. ಆಮೇಲೆ ಅವಸರ ಮಾಡದೆ, ಹವಾ ನೋಡುವವಳ ಹಾಗೆ, ಕಿಟಕಿಯ ಹೊರಗೆ ಕಣ್ಣು ಹಾಯಿಸಿದಳು. ಪೈ ತಿನ್ನುತ್ತಿದ್ದ ಹದಿನೇಳು ಜನ. ಅವರಲ್ಲಿ ಒಂಬತ್ತು ಜನರ ಕೈಯಲ್ಲಿ ಫೋನಿತ್ತು.